ಲೆನ್ಸ್ ಹಾಕೂದು ಎಲ್ಲಾರೂ ಕಲಿಸ್ತಾರ, ತಗಿಯೂದು ಯಾರು ಕಲಿಸ್ತಾರ?

ಕಣ್ಣಾಗ ಹಾಕೂ ಕಾಂಟ್ಯಾಕ್ಟ್ ಲೆನ್ಸ್ ಬೇಕು ಅಂತ ಬಂದೋರು ಮೊದಲಿಗೆ ಕೇಳೂ ಪ್ರಶ್ನಿ ಒಂದ, "ಹಾಕೂವಾಗ ನೋವಾಗ್ತೈತೇನ್ರಿ?" ಅಂತ. ಎರಡನೇದ್ದು ರೇಟ್. ತಗಿಯೂದು ಹೆಂಗ್ರಿ ಅಂತ ತಾವಾಗೇ ಕೇಳಿದೋರನ್ನ ನಾ ನೋಡಿದ್ದು ಭಾಳ ಕಡಿಮಿ. ನಾ ಹುಬ್ಬಳ್ಳ್ಯಾಗ ಆಪ್ಟೋಮೆಟ್ರಿಸ್ಟ್ ಅದೀನಿ, ಪವರ್ ಚೆಕ್ ಮಾಡೂದು, ಚಷ್ಮಾ ನಂಬರ್ ಬರದ ಕೊಡೂದು, ಲೆನ್ಸ್ ಫಿಟ್ಟಿಂಗ್ ನೋಡೂದು ನನ್ನ ಕೆಲಸ, ಅದ್ರಾಗ ಎಲ್ಲಾಕ್ಕಿಂತ ಹೆಚ್ಚು ಹೊತ್ತು ನಾ ಕೊಡೂದು ಲೆನ್ಸ್ ತಗಿಯೂದು ಕಲಿಸಾಕ. ಮುಂದ ಕುಂತು ತಾವ ತಮ್ಮ ಕೈಲೆ ಎರಡೂ ಕಣ್ಣಿಂದ ತಗದು ತೋರಿಸೂತನಕ ನಾ ಯಾರ ಕೈಯಾಗೂ ಲೆನ್ಸ್ ಕೊಟ್ಟು ಕಳಸೂದಿಲ್ಲ, ಸಿಟ್ಟಾದ್ರೂ ಆಗ್ಲಿ.

ಯಾಕಂದ್ರ ಹಾಕೂದು ಹಗಲು ಹೊತ್ತಿನ್ಯಾಗ ನಡಿಯೂ ಕೆಲಸ. ಜಳಕ ಆಗಿರ್ತೈತಿ, ಮುಂದ ಕನ್ನಡಿ ಇರ್ತೈತಿ, ಬೆಳಕು ಛಲೋ ಇರ್ತೈತಿ, ಬರಲಿಲ್ಲಂದ್ರ ಬಾಜೂಕ ಅಕ್ಕನೋ ಗೆಳತಿನೋ ನಿಂತಿರ್ತಾಳ. ತಗಿಯೂದು ಹಂಗಲ್ಲ. ರಾತ್ರಿ ಹನ್ನೊಂದು ಹನ್ನೆರಡಾಗಿರ್ತೈತಿ, ದಿನಾ ಪೂರ್ತಿ ದುಡದು ಸಾಕಾಗಿರ್ತೈತಿ, ಕಣ್ಣು ಒಣಗಿ ಉರಿಯಾಕತ್ತಿರ್ತಾವ, ಮನಿಮಂದಿ ಎಲ್ಲಾ ಮಲಗಿರ್ತಾರ, ಒಂದೊಂದ ಸಲ ಕರೆಂಟೂ ಇರೂದಿಲ್ಲ, ಆವಾಗ ಒಬ್ರ ನಿಂತು ತಗೀಬೇಕು. "ಇವತ್ತೊಂದ ರಾತ್ರಿ ಬಿಡೂಣು, ನಾಳೆ ನೋಡಿದ್ರಾತು" ಅನ್ನೂ ಮಾತು ಬರೂದು ಆ ಹೊತ್ತಿನ್ಯಾಗ, ಮತ್ತ ಕಣ್ಣು ಕಳ್ಕೊಳ್ಳೂ ದಾರಿ ಸುರು ಆಗೂದೂ ಅಲ್ಲಿಂದನ.

ಈಗೀಗ ನಮ್ಮ ಕಡೆ ಮದುವಿ ಅಂದ್ರ ಮದುಮಗಳಿಗೆ ಕಲರ್ ಲೆನ್ಸ್ ಬೇಕ ಬೇಕು ಅನ್ನೂಹಂಗ ಆಗೈತಿ. ಹುಬ್ಬಳ್ಳಿ ಧಾರವಾಡದಾಗ ಅಷ್ಟ ಅಲ್ಲ, ಗದಗ, ಹಾವೇರಿ, ರಾಣೇಬೆನ್ನೂರು, ಸಣ್ಣ ಸಣ್ಣ ಊರಾಗಿನ ಕಲ್ಯಾಣ ಮಂಟಪದಾಗೂ ಕಂದು, ಹಸರು, ಬೂದಿ ಬಣ್ಣದ ಕಣ್ಣಿನ ಮದುಮಕ್ಕಳು. ಚಂದ ಕಾಣಿಸ್ತೈತಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಆ ಲೆನ್ಸ್ ಹಾಕಿ ಹೋಗೂ ಮೇಕಪ್‌ನಾಕಿ ಮುಂಜಾನೆ ಬಂದು ಅಕ್ಕಿಕಾಳು ಬೀಳೂದ್ರಾಗ ತನ್ನ ಪೆಟ್ಟಿಗಿ ಕಟ್ಟಿಕೊಂಡು ಇನ್ನೊಂದು ಮದುವಿಗೆ ಹೋಗಿರ್ತಾಳ. ಲೆನ್ಸ್ ಹುಡುಗಿ ಕಣ್ಣಾಗನ ಇರ್ತೈತಿ. ಅಕಿಗೆ ಪವರ್ ಇರೂದಿಲ್ಲ, ಹುಟ್ಟಿದಾಗಿಂದ ಲೆನ್ಸ್ ಮುಟ್ಟಿರೂದಿಲ್ಲ, ಲೆನ್ಸ್ ಇಡೂ ಕೇಸ್ ಇಲ್ಲ, ತೊಳಿಯೂ ಸೊಲ್ಯೂಷನ್ ಇಲ್ಲ, ಹೆಂಗ ತಗೀಬೇಕು ಅಂತ ಒಬ್ರೂ ಹೇಳಿರೂದಿಲ್ಲ. ಕೆಲವು ಕಡೆ ಒಬ್ಬಾಕಿಗೆ ಹಾಕಿದ್ದನ್ನ ತೊಳದು ಇನ್ನೊಬ್ಬಾಕಿಗೂ ಹಾಕ್ತಾರ, ಇದು ಎಷ್ಟ ಅಪಾಯದ ಕೆಲಸ ಅಂತ ನಾ ಹೇಳಬೇಕಾಗಿಲ್ಲ. ಅಮೆರಿಕಾದಾಗ 2005ರಿಂದ ಬಣ್ಣದ ಲೆನ್ಸನೂ, ಪವರ್ ಇರಲಿ ಬಿಡಲಿ, ವೈದ್ಯಕೀಯ ಸಾಧನ ಅಂತನ ಕಾನೂನು ಮಾಡ್ಯಾರ, ಚೀಟಿ ಇಲ್ದ ಮಾರಂಗಿಲ್ಲ. ಕಣ್ಣಿಗೆ ಅದು ಶೋಕಿ ಸಾಮಾನೋ ಪವರ್ ಸಾಮಾನೋ ಗೊತ್ತಾಗೂದಿಲ್ಲಲಾ.

ಹಿಂಗ ಒಂದು ಮದುವಿ ಆದ ಮರುದಿನ ಹಾವೇರಿ ಕಡಿಂದ ಒಂದು ಹುಡುಗಿನ್ನ ಅಕಿ ವೈನಿ ನಮ್ಮಲ್ಲಿಗೆ ಕರಕೊಂಡ ಬಂದ್ರು. ರಾತ್ರಿ ಆರತಕ್ಷತೆ ಮುಗದು ಮನಿಗೆ ಹೋಗೂದ್ರಾಗ ಎರಡಾಗಿತ್ತಂತ, ಲೆನ್ಸ್ ಹಾಕ್ಕೊಂಡ ಮಲಗಿದ್ಲು. ಮುಂಜಾನೆ ಕಣ್ಣು ಕೆಂಪಾಗಿ ಬಿಡಾಕ ಆಗವಲ್ಲವು. ವೈನಿ, ಅವ್ವ, ಮಾವಶಿ ಒಬ್ಬರಾದ ಮ್ಯಾಲೆ ಒಬ್ಬರು ಬಳ್ಳಿಲೆ ಚಿವುಟಿ ಚಿವುಟಿ ನೋಡ್ಯಾರ, ಬಂದಿಲ್ಲ. ಹುಡುಗಿ ಅಳಾಕತ್ತಿದ್ಲು, ಮದರಂಗಿ ಕೈ, ಬಳ್ಳಿಗೆ ಉದ್ದನ್ನ ಅಂಟಿಸಿದ ಉಗುರು. "ಮೇಡಮ್ಮಾರ, ಕಣ್ಣಿಗೆ ಅಂಟಿಬಿಟ್ಟಾವ್ರಿ, ಹಿಂದ ಮೆದುಳಿಗೆ ಹೋಗ್ತಾವೇನ್ರಿ?" ಅಂತ ವೈನಿ ಕೇಳಿದ್ರು, ಅವರ ಕೈ ನಡಗಾಕತ್ತಿತ್ತು.

ಹೋಗೂದಿಲ್ರಿ. ಕಣ್ಣಿನ ಬಿಳಿಗುಡ್ಡಿ ಮ್ಯಾಲಿನ ತೆಳ್ಳನ ಪೊರಿ ಹಿಂದಕ್ಕ ಹೋಗಿ ಹಂಗ ಮಡಚಿ ರೆಪ್ಪಿ ಒಳಗಿನ ಮೈ ಆಗ್ತೈತಿ, ಅಲ್ಲಿ ದಾರಿ ಬಂದ್. ಲೆನ್ಸ್ ಮ್ಯಾಲಿನ ರೆಪ್ಪಿ ಸಂದ್ಯಾಗ ಸಿಗಬೀಳಬಹುದು, ಹಿಂದ ಹೋಗಾಕ ಜಾಗಾನ ಇಲ್ಲ. ಮೊದಲ ಈ ಮಾತು ಹೇಳಬೇಕು, ಹೆದರಿಕಿ ಹೋದ್ರ ಅರ್ಧಾ ಕೆಲಸ ಆದಂಗ, ಯಾಕಂದ್ರ ಹೆದರಿದ ಮನಷ್ಯಾ ಕಣ್ಣು ಬಿಗಿ ಮುಚ್ಚತಾನ, ಬಿಗಿ ಮುಚ್ಚಿದ ಕಣ್ಣಿಂದ ಲೆನ್ಸ್ ತಗ್ಯಾಕ ದೇವರಿಗೂ ಆಗೂದಿಲ್ಲ.

ಒಣಗಿ ಅಂಟಿದ ಲೆನ್ಸನ್ನ ಒಣಗಿದಂಗ ಎಳೀಬಾರದು, ಇದೊಂದು ಮಾತು ನೆನಪಿಟ್ಕೊಂಡ್ರ ಸಾಕು. ನಾ ಅಕಿಗೆ ಲೆನ್ಸ್‌ಗೆ ನಡಿಯೂ ಸಲೈನ್ ಡ್ರಾಪ್ಸ್ ಹಾಕಿ ಕಣ್ಣು ಮುಚ್ಚಿಸಿ ಕೂಡಿಸಿದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತ ಹಾಕಿದೆ, ಮುಚ್ಚಿದ ರೆಪ್ಪಿ ಮ್ಯಾಲೆ ಬಳ್ಳಿನ ಮೆತ್ತನ ಭಾಗದ್ಲೆ ಹಗೂರಕ ತಿಕ್ಕಿದೆ, ಕಣ್ಣು ಪಿಳಿಪಿಳಿ ಮಾಡಿಸಿದೆ. ಅವಸರ ಮಾಡಲಿಲ್ಲ. ಮ್ಯಾಲೆ ನೋಡು, ಕೆಳಗ ನೋಡು, ಎಡಕ್ಕ ನೋಡು, ಬಲಕ್ಕ ನೋಡು ಅಂದೆ, ಕಣ್ಣಿನ ಜೋಡಿ ಲೆನ್ಸ್ ಜಾರಾಕತ್ತಿದ್ದು ಕಂಡಿತು. ಲೆನ್ಸ್ ಅಲುಗಾಡಾಕ ಸುರು ಮಾಡಿದ ಮ್ಯಾಲೆನ ಬಳ್ಳು ಹಚ್ಚಬೇಕು, ಅದಕ್ಕೂ ಮೊದಲ ಹಚ್ಚಂಗಿಲ್ಲ. ಆಮ್ಯಾಲೆ ಕೆಳಗಿನ ಬಿಳಿಗುಡ್ಡಿಗೆ ಜಾರಿಸಿ ತಗದೆ, ಬಂತು.

ಲೆನ್ಸ್ ಬಂದ ಮ್ಯಾಲೆ ಫ್ಲೋರೆಸಿನ್ ಬಣ್ಣ ಹಾಕಿ ನೀಲಿ ಬೆಳಕಿನ್ಯಾಗ ನೋಡಿದ್ರ ಕರಿಗುಡ್ಡಿ ಮ್ಯಾಲೆ ಹಸರಾಗಿ ಹೊಳಿಯೂ ಗೀರುಗಳು. ಅವು ಲೆನ್ಸ್ ಮಾಡಿದ್ದಲ್ಲ, ಮನಿಮಂದಿ ಉಗುರು ಮಾಡಿದ್ದು. ಹಿಂತಾ ಗೀರು ಲೆನ್ಸ್ ಹಾಕ್ಕೊಂಡ ಮಲಗಿದ ಕಣ್ಣಾಗ ಇದ್ದಾಗ ಮನಿಗೆ ಕಳಸೂದಿಲ್ಲ, ಅವತ್ತ ಕಣ್ಣಿನ ಡಾಕ್ಟರ ಕಡೆ ಕಳಸ್ತೀವಿ, ಅಕಿನೂ ಹೋದ್ಲು. ಹುಣ್ಣು ಆಗಿರಲಿಲ್ಲ. ಆಗೂ ಸಾಧ್ಯತೆ ಮಾತ್ರ ಪೂರಾ ಇತ್ತು.

ಲೆನ್ಸ್ ಯಾಕ ಅಂಟ್ತೈತಿ ಅನ್ನೂದು ಗೊತ್ತಿದ್ರ ಯಾಕ ಎಳೀಬಾರದು ಅನ್ನೂದೂ ತಿಳೀತೈತಿ. ಮೆತ್ತನ ಲೆನ್ಸ್ ಅಂದ್ರ ನೀರು ಕುಡದ ಪ್ಲಾಸ್ಟಿಕ್. 1961ರ ಕ್ರಿಸ್‌ಮಸ್ ಹೊತ್ತಿನ್ಯಾಗ ಒಟ್ಟೊ ವಿಖ್ಟರ್ಲೆ ಅನ್ನೂ ಜೆಕ್ ವಿಜ್ಞಾನಿ ಮನಿಯೊಳಗ ಕುಂತು ಮಕ್ಕಳ ಆಟದ ಕಬ್ಬಿಣದ ಸೆಟ್ಟು, ಸೈಕಲ್ ಡೈನಮೋ ಕೂಡಿಸಿ ಮಷೀನ್ ಮಾಡಿ ಹಿಂತಾ ಲೆನ್ಸ್ ತಯಾರ ಮಾಡಿದಾ. ಆ ಮೊದಲಿನ ಜಾತಿ ಲೆನ್ಸ್‌ನ್ಯಾಗ ಶೇಕಡಾ 38ರಷ್ಟು ನೀರು. ನೀರು ಆರಿದ್ರ ಲೆನ್ಸ್ ಗಟ್ಟಿಯಾಗಿ ಕುಗ್ಗಿ ಕರಿಗುಡ್ಡಿನ್ನ ಬಿಗಿ ಹಿಡೀತೈತಿ. ನಿದ್ದ್ಯಾಗ ಕಣ್ಣೀರು ಊರೂದು ಕಡಿಮಿ, ರೆಪ್ಪಿ ಬಡಿಯೂದು ಬಂದ್, ಲೆನ್ಸ್ ಅಡಿ ಕಣ್ಣೀರು ಬದಲಾಗೂದಿಲ್ಲ, ಮುಂಜಾನೆ ಎದ್ದಕೂಡಲೆ ಅದು ಅಲುಗಾಡದಂಗ ಕುಂತಿರ್ತೈತಿ. ಆ ಹೊತ್ತಿನ್ಯಾಗ ಎಳದ್ರ ಲೆನ್ಸ್ ಜೋಡಿ ಕರಿಗುಡ್ಡಿ ಮ್ಯಾಲಿನ ಚರ್ಮಾನೂ ಕಿತ್ತು ಬರ್ತೈತಿ.

ಇದಕ್ಕಿಂತ ದೊಡ್ಡದು ಆಕ್ಸಿಜನ್ ಸುದ್ದಿ. ನಮ್ಮ ಮೈಯಾಗ ಎಲ್ಲಾ ಭಾಗಕ್ಕೂ ರಕ್ತ ಹೋಗಿ ಆಕ್ಸಿಜನ್ ಮುಟ್ಟಸ್ತೈತಿ, ಆದ್ರ ಕರಿಗುಡ್ಡಿ ಮ್ಯಾಲಿನ ಕಾರ್ನಿಯಾದಾಗ ರಕ್ತನಾಳ ಇಲ್ಲ, ಇದ್ದಿದ್ರ ಅದು ಕಾಜಿನಂಗ ಪಾರದರ್ಶಕ ಇರ್ತಿರಲಿಲ್ಲ. ಅದಕ ಅದು ನೇರ ಗಾಳಿಯಿಂದನ, ಕಣ್ಣೀರಿನ ಮೂಲಕ, ಆಕ್ಸಿಜನ್ ತಗೋತೈತಿ. ಕಣ್ಣು ತೆರೆದಾಗ ಗಾಳ್ಯಾಗಿನ ಶೇಕಡಾ 21 ಆಕ್ಸಿಜನ್ ಅದರ ಪಾಲಿಗೆ ಸಿಗ್ತೈತಿ, ಕಣ್ಣು ಮುಚ್ಚಿದಾಗ ರೆಪ್ಪಿ ಒಳಗಿನ ನಾಳಗಳಿಂದ ಬಂದಷ್ಟ ಬರಬೇಕು, ಅದು ಶೇಕಡಾ 8ರ ಹತ್ರ ಅಷ್ಟ. ಲೆನ್ಸ್ ಇಲ್ದ ಮಲಗಿದ್ರೂ ಕಾರ್ನಿಯಾ ಶೇಕಡಾ 3-4ರಷ್ಟು ಬಾತಿರ್ತೈತಿ, ಎದ್ದು ಸ್ವಲ್ಪ ಹೊತ್ತಿಗೆ ತಾನ ಇಳೀತೈತಿ, ಇದು ದಿನಾ ಎಲ್ಲಾರಿಗೂ ಆಗೂದು. ಈಗ ಆ ಮುಚ್ಚಿದ ಕಣ್ಣಾಗ ಲೆನ್ಸ್ ಬ್ಯಾರೆ ಇದ್ರ? ತೋಯ್ದ ಟವಲ್ ಮುಖದ ಮ್ಯಾಲೆ ಹಾಕ್ಕೊಂಡು ರಾತ್ರಿಯೆಲ್ಲಾ ಉಸರಾಡಿದಂಗ. ಬಾವು ಹೆಚ್ಚಾಗ್ತೈತಿ, ಮ್ಯಾಲಿನ ಪದರ ತೆಳ್ಳಗಾಗಿ ಸಡಲಾಗ್ತೈತಿ, ಹಿಂತಾ ಸಡಲಾದ ಪದರಕ್ಕ ರೋಗಾಣು ಬಂದು ಕಚ್ಚಿ ಹಿಡಿಯೂದು ಸಲೀಸು. ವರ್ಷಗಟ್ಲೆ ಹಿಂಗ ಮಲಗೂ ರೂಢಿ ಇದ್ದೋರ ಕಣ್ಣನ್ನ ದೊಡ್ಡದು ಮಾಡಿ ತೋರಸೂ ಸ್ಲಿಟ್ ಲ್ಯಾಂಪ್‌ನ್ಯಾಗ ನೋಡಿದ್ರ, ಇರಬಾರದ ಜಾಗಾದಾಗ ಸಣ್ಣ ಸಣ್ಣ ಕೆಂಪ ನಾಳ ಅಂಚಿನಿಂದ ಒಳಗ ಬೆಳಕೊಂಡ ಬಂದಿರ್ತಾವ, ಉಸರಿಗೆ ಹಾತೊರದು ಕಣ್ಣು ತಾನ ಮಾಡ್ಕೊಂಡ ದಾರಿ ಅದು. ನೋಡಿದ್ರ ಕಳ್ಳು ಚುರುಕ್ ಅಂತೈತಿ.

ಲೆಕ್ಕಾನೂ ಹೇಳಿಬಿಡ್ತೀನಿ, ಯಾಕಂದ್ರ "ನಮ್ಮ ಗೆಳೆಯಾ ದಿನಾ ಹಾಕ್ಕೊಂಡ ಮಲಗ್ತಾನ, ಅವಂಗೇನೂ ಆಗಿಲ್ಲ" ಅನ್ನೋರು ಬರತನ ಇರ್ತಾರ. 1989ರಾಗ ಅಮೆರಿಕಾದ ನ್ಯೂ ಇಂಗ್ಲೆಂಡ್ ಭಾಗದಾಗ ಲೆಕ್ಕಾ ಹಾಕಿದಾಗ, ಹಗಲಷ್ಟ ಮೆತ್ತನ ಲೆನ್ಸ್ ಹಾಕೂ ಹತ್ತು ಸಾವಿರ ಮಂದ್ಯಾಗ ವರ್ಷಕ್ಕ ಸುಮಾರು 4 ಮಂದಿಗೆ ಕಾರ್ನಿಯಾ ಹುಣ್ಣು ಆಗ್ತಿತ್ತು, ರಾತ್ರಿನೂ ಹಾಕ್ಕೊಂಡ ಮಲಗೂ ಲೆನ್ಸ್‌ನೋರಾಗ ಸುಮಾರು 21. ಖರೇ, ಹತ್ತು ಸಾವಿರದಾಗ ಇಪ್ಪತ್ತೊಂದು ಅಂದ್ರ ಗೆಳೆಯಾಗ ಏನೂ ಆಗದ ಇರೂ ಸಾಧ್ಯತೆನ ಹೆಚ್ಚು. ಆದ್ರ ಆಗಿದ್ದು ಕಣ್ಣಿಗೆ, ಮತ್ತ ಅದು ತಪ್ಪಿಸಾಕ ಬರ್ತಿತ್ತು. ಅಮೆರಿಕಾದ ರೋಗ ನಿಯಂತ್ರಣ ಕೇಂದ್ರದೋರು ಹೇಳೂದೂ ಅದನ, ಲೆನ್ಸ್ ಹಾಕ್ಕೊಂಡ ಮಲಗಿದ್ರ ಸೋಂಕಿನ ಅಪಾಯ 6ರಿಂದ 8 ಪಟ್ಟು ಹೆಚ್ಚು ಅಂತ. ಅವರು 2018ರಾಗ ಆರು ಮಂದಿ ಕಥಿ ಪ್ರಕಟ ಮಾಡಿದ್ರು. ಒಬ್ಬಾಂವ ಎರಡು ದಿನ ಬೇಟೆಗೆ ಹೋದಾಗ ಲೆನ್ಸ್ ತಗೀದ ಮಲಗಿದ್ದ, ಅಷ್ಟಕ್ಕ ಹುಣ್ಣು ತೂತಾಗಿ ಅರ್ಜಂಟ್ ಕಾರ್ನಿಯಾ ಬದಲಿ ಮಾಡಬೇಕಾತು. ಎರಡ ದಿನ ನೋಡ್ರಿ.

"ಈಗ ಹೆಚ್ಚು ಆಕ್ಸಿಜನ್ ಬಿಡೂ ಲೆನ್ಸ್ ಬಂದಾವಲ್ರಿ, ತಿಂಗಳಗಟ್ಲೆ ಹಾಕ್ಕೊಂಡ ಮಲಗಬಹುದು ಅಂತ ಪ್ಯಾಕೆಟ್ ಮ್ಯಾಲೆ ಬರದಿರ್ತೈತಲ್ರಿ" ಅಂತ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರು ಕೇಳ್ತಾರ, ಓದಿದ ಮಕ್ಕಳು, ಛಲೋ ಪ್ರಶ್ನಿ. ಸಿಲಿಕೋನ್ ಹೈಡ್ರೋಜೆಲ್ ಅಂತ ಆ ಲೆನ್ಸ್‌ಗೆ, ಅದಕ್ಕ 2001ರಾಗ ಅಮೆರಿಕಾದಾಗ 30 ದಿನ ಹಗಲು ರಾತ್ರಿ ಹಾಕಾಕ ಒಪ್ಪಿಗೀನೂ ಸಿಕ್ಕೈತಿ. ಬಾವು ಅದರಿಂದ ಭಾಳ ಕಡಿಮಿ ಆತು, ಸುಳ್ಳಲ್ಲ. ಸೋಂಕು ಕಡಿಮಿ ಆತೇನು? 2008ರಾಗ ಬಂದ ಆಸ್ಟ್ರೇಲಿಯಾದ ಲೆಕ್ಕದಾಗ ಹಳೇ ಲೆನ್ಸ್ ಹಾಕ್ಕೊಂಡ ಮಲಗೋರಾಗ ಹತ್ತು ಸಾವಿರಕ್ಕ 19.5, ಈ ಹೊಸಾ ಲೆನ್ಸ್ ಹಾಕ್ಕೊಂಡ ಮಲಗೋರಾಗ 25.4, ಹಗಲಷ್ಟ ಮೆತ್ತನ ಲೆನ್ಸ್ ಹಾಕೋರಾಗ 1.9. ಆಕ್ಸಿಜನ್ ಒಂದ ಕಾರಣ ಅಲ್ಲ ಅಂತ ಇದರಿಂದ ತಿಳೀತು. ಮುಚ್ಚಿದ ಕಣ್ಣಾಗ ಬಿಸಿ, ಹಸಿ, ಹೊಲಸು, ಸತ್ತ ಕೋಶ, ರೋಗಾಣು ಎಲ್ಲಾ ಲೆನ್ಸ್ ಅಡಿ ನಿಂತಬಿಡ್ತಾವ, ರೆಪ್ಪಿ ಬಡದು ತೊಳಿಯೋರ ಯಾರು? ಡಾಕ್ಟರು ತಾವ ಕಣ್ಣು ನೋಡಿ, ಗಾಯ ಆದಾಗ ಬ್ಯಾಂಡೇಜಿನಂಗೋ, ಇಲ್ಲಾ ರಾತ್ರಿ ಹಾಕಿ ಮುಂಜಾನೆ ತಗಿಯೂ ಆರ್ಥೋ-ಕೆ ಲೆನ್ಸೋ ಕೊಟ್ಟಿದ್ರ ಅದು ಅವರ ಕಣ್ಗಾವಲಿನ್ಯಾಗ ನಡಿಯೂ ಮಾತು, ಬ್ಯಾರೆ. ಉಳದೋರೆಲ್ಲಾ ಪ್ಯಾಕೆಟ್ ಮ್ಯಾಲೆ ಏನ ಬರದಿರ್ಲಿ, ತಗದ ಮಲಗ್ರಿ.

ರಾತ್ರಿ ನಿದ್ದಿ ಅಷ್ಟ ಅಲ್ಲ, ಮಧ್ಯಾಹ್ನ ಊಟಾ ಮಾಡಿ ಅಡ್ಡಾಗೂದೂ ನಿದ್ದಿನ, ಬೆಂಗಳೂರು ಸ್ಲೀಪರ್ ಬಸ್ಸಿನ್ಯಾಗ ಮಲಗೂದೂ ನಿದ್ದಿನ. ಬಸ್ಸಿಂದ ಇಳದು ಸೀದಾ ಇಂಟರ್‌ವ್ಯೂಗೆ ಹೋಗಬೇಕು ಅಂತ ಮುಂದಿನ ದಿನದ ಲೆನ್ಸ್ ಹಿಂದಿನ ರಾತ್ರಿನ ಹಾಕ್ಕೊಂಡ ಹತ್ತೋರು ಅದಾರ. ಬಸ್ ಹತ್ತೂಮೊದಲ ಮನ್ಯಾಗನ ಕೈ ತೊಳದು ತಗದು ಚಷ್ಮಾ ಹಾಕ್ಕೊಂಡ ಹತ್ರಿ. ಎ.ಸಿ. ಗಾಳಿಗೆ ಲೆನ್ಸ್ ಇನ್ನೂ ಜಲ್ದಿ ಒಣಗ್ತೈತಿ. ಭಾಳ ತಿರುಗಾಡೂ ಕೆಲಸ ಇದ್ದೋರಿಗೆ ನಾ ದಿನಕ್ಕೊಂದು ಹಾಕಿ ಒಗಿಯೂ ಲೆನ್ಸ್ ತಗೋರಿ ಅಂತೀನಿ, ರಾತ್ರಿ ತೊಳಿಯೂ ಕಾಟ ಇಲ್ಲ, ತಗಿ, ಒಗಿ, ಮಲಗು. ಮತ್ತ ಲೆನ್ಸ್ ಹಾಕೋರ ಹತ್ರ ತಮ್ಮ ನಂಬರಿಂದು ಒಂದು ಚಷ್ಮಾ ಇರಾಕಬೇಕು. ಚಷ್ಮಾ ಇಲ್ದಕ್ಕನ ಎಷ್ಟೋ ಮಂದಿ ಕಣ್ಣು ಕೆಂಪಾದ್ರೂ ಲೆನ್ಸ್ ತಗಿಯೂದಿಲ್ಲ, ತಗದ್ರ ಏನೂ ಕಾಣಸೂದಿಲ್ಲಲ್ಲಾ ಪಾಪ.

ಈಗ ದಿನದ ತಗಿಯೂ ಕೆಲಸಕ್ಕ ಬರ್ತೀನಿ. ಮೊದಲ ಕೈ. ಎಣ್ಣಿ ಅಂಶ, ಭಾಳ ವಾಸನಿ ಇಲ್ಲದ ಸಾಬಾಣಲೆ ತೊಳದು, ಎಳಿ ಬಿಡಲಾರದ ಸ್ವಚ್ಛ ಅರಿವಿಲೆ ಪೂರಾ ಒರಸ್ರಿ, ಹಸಿ ಕೈಲೆ ಮುಟ್ಟಂಗಿಲ್ಲ. ಇದನ್ನ ಯಾಕ ಇಷ್ಟ ಒತ್ತಿ ಹೇಳ್ತೀನಂದ್ರ ನಮ್ಮೂರಿನ ನೀರಿನ ಪರಿಸ್ಥಿತಿ ನಿಮಗ ಗೊತ್ತೈತಿ. ಮಲಪ್ರಭಾ ನೀರು ನಳಕ್ಕ ಬಂದ ದಿನ ತುಂಬಿ ಇಡಬೇಕು, ಮುಂದ ಎಷ್ಟೋ ದಿನ ಅದು ಟಾಕಿ, ಡ್ರಮ್ಮು, ಬ್ಯಾರಲ್‌ನ್ಯಾಗ ನಿಂತಿರ್ತೈತಿ. ನಿಂತ ನೀರಾಗ, ನಳದ ನೀರಾಗ, ಮಣ್ಣಾಗ ಎಲ್ಲಾ ಕಡೆ ಅಕಾಂತಮೀಬಾ ಅನ್ನೂ ಒಂದು ಸೂಕ್ಷ್ಮ ಜೀವಿ ಇರಬಹುದು. ಕುಡದ್ರ ಸಾಮಾನ್ಯವಾಗಿ ಏನೂ ಆಗೂದಿಲ್ಲ, ಲೆನ್ಸ್ ಅಡಿ ಕಣ್ಣಿಗೆ ಹೋದ್ರ ಮಾತ್ರ ಅದು ಗಟ್ಟಿ ಚಿಪ್ಪು ಕಟ್ಟಿಕೊಂಡು ಕಾರ್ನಿಯಾದಾಗ ಅವಿತು ಕುಂದರ್ತೈತಿ, ಔಷಧ ತಾಸಿಗೊಮ್ಮೆ ಹಾಕೂದ್ರಿಂದ ಸುರು ಆಗಿ ತಿಂಗಳಗಟ್ಲೆ ನಡೀತೈತಿ, ನೋವು ಎಂತಾದ್ದಂದ್ರ ಹೊರಗಿಂದ ಕಣ್ಣು ನೋಡಿದೋರಿಗೆ ಇಷ್ಟಕ್ಕ ಇಷ್ಟ ನೋವಾ ಅನಸ್ತೈತಿ. ಅದಕ್ಕ ಲೆನ್ಸ್ ತೊಳ್ಯಾಕ ನೀರು ಬ್ಯಾಡ, ಕಾಸಿ ಆರಿಸಿದ್ದೂ ಬ್ಯಾಡ, ಫಿಲ್ಟರಿಂದೂ ಬ್ಯಾಡ, ಬಾಟ್ಲಿ ನೀರೂ ಬ್ಯಾಡ. ಉಗುಳು ಅಂತೂ ಮುಟ್ಟಸಬ್ಯಾಡ್ರಿ. ಜಳಕಕ್ಕ ಹೋಗೂಮೊದಲ, ಈಜಾಕ ಹೋಗೂಮೊದಲ ತಗೀರಿ.

ದಿನಾ ಒಂದ ಕಣ್ಣಿಂದ ಸುರು ಮಾಡ್ರಿ, ಬಲಗಣ್ಣು ಅಂದ್ರ ಬಲಗಣ್ಣು, ಇಲ್ಲಂದ್ರ ಎಡಗಡೆದ್ದು ಬಲಕ್ಕ ಹೋಗ್ತೈತಿ. ಸಿಂಕ್ ಮುಂದ ನಿಂತ್ರ ತೂತಿಗೆ ಏನರೆ ಮುಚ್ರಿ, ಇಲ್ಲಾ ಟೇಬಲ್ ಮ್ಯಾಲೆ ಸ್ವಚ್ಛ ಟವಲ್ ಹಾಸಿ ಕುಂದರ್ರಿ. ತಗಿಯೂಮೊದಲ ಕನ್ನಡ್ಯಾಗ ನೋಡಿ ಲೆನ್ಸ್ ಕರಿಗುಡ್ಡಿ ಮ್ಯಾಲೆ ಐತೋ ಇಲ್ಲೋ ಖಾತ್ರಿ ಮಾಡ್ಕೋರಿ, ಲೆನ್ಸ್ ಯಾವಾಗೋ ಬಿದ್ದಹೋಗಿರ್ತೈತಿ, ಗೊತ್ತಿಲ್ದ ಬರೇ ಕಣ್ಣು ಚಿವುಟಿಕೊಂಡು ಗಾಯ ಮಾಡ್ಕೊಂಡೋರು ಅದಾರ. ಒಂದು ಕಣ್ಣು ಮುಚ್ಚಿ ದೂರದ ಕ್ಯಾಲೆಂಡರ್ ಓದಿ ನೋಡಿದ್ರ ತಿಳೀತೈತಿ. ಆಮ್ಯಾಲೆ ಮ್ಯಾಲೆ ನೋಡ್ರಿ, ನಡು ಬಳ್ಳಿಲೆ ಕೆಳಗಿನ ರೆಪ್ಪಿ ಕೆಳಗ ಎಳೀರಿ, ತೋರಬಳ್ಳಿನ ತುದಿ ಮೆತ್ತನ ಭಾಗ ಲೆನ್ಸಿನ ಕೆಳ ಅಂಚಿಗೆ ಇಟ್ಟು ಬಿಳಿಗುಡ್ಡಿಗೆ ಜಾರಿಸ್ರಿ. ಜಾರಿದ ಮ್ಯಾಲೆ ಹೆಬ್ಬಳ್ಳು ತೋರಬಳ್ಳು ಎರಡರ ಮೆತ್ತನ ಭಾಗದ್ಲೆ ಹಗೂರ ಹಿಡದ್ರ ಲೆನ್ಸ್ ಮಡಚಿ ಕೈಗೆ ಬರ್ತೈತಿ. ಕರಿಗುಡ್ಡಿ ಮ್ಯಾಲಿಂದ ನೇರ ಚಿವುಟಿ ತಗಿಯೋರು ಭಾಳ ಮಂದಿ, ದಿನಾ ಅಲ್ಲೇ ಉಗುರು ತಾಕ್ತಿರ್ತೈತಿ. ಬಿಳಿಗುಡ್ಡಿಗೆ ಜಾರಿಸಿ ತಗಿಯೂದು ಒಂದು ಸೆಕೆಂಡ್ ಹೆಚ್ಚಿಂದು, ಅಷ್ಟ.

ಮೆಣಸಿನಕಾಯಿ ಸುದ್ದಿ ಹೇಳದಿದ್ರ ನಮ್ಮ ಕಡೆಯೋರಿಗೆ ಈ ಲೇಖನ ಪೂರಾ ಆಗೂದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಹೆಚ್ಚು, ಖಾರ ಕಡಿಮಿ ಅಂತ ದೇಶಕ್ಕ ಹೆಸರಾಗಿರಬಹುದು, ಕಣ್ಣಿಗೆ ಆ ಕಡಿಮಿ ಖಾರಾನ ಸಾಕು. ತೊಟ್ಟು ಮುರದ ಕೈ, ಮಿರ್ಚಿ ಭಜಿಗೆ ಹಸಿಮೆಣಸಿನಕಾಯಿ ಸೀಳಿದ ಕೈ, ಬರೇ ನೀರಾಗ ತೊಳದ್ರ ಖಾರ ಹೋಗೂದಿಲ್ಲ, ಅದು ಎಣ್ಣ್ಯಾಗ ಕರಗೂ ವಸ್ತು. ಮೊದಲ ಅಡಗಿ ಎಣ್ಣಿ ಹಚ್ಚಿ ತಿಕ್ಕಿ, ಆಮ್ಯಾಲೆ ಸಾಬಾಣ ಎರಡು ಸಲ ಹಚ್ಚಿ ತೊಳೀರಿ, ಉಗುರಿನ ಸಂದಿ ಬಿಡಬ್ಯಾಡ್ರಿ. ವರ್ಷದ ಖಾರ ಕುಟ್ಟಸೂ ದಿನ ಲೆನ್ಸ್ ಬಿಟ್ಟು ಚಷ್ಮಾ ಹಾಕ್ಕೋರಿ ಅಂತ ನಾ ನಮ್ಮ ಅಕ್ಕಂದಿರಿಗೆಲ್ಲಾ ಹೇಳ್ತೀನಿ. ಖಾರ ತಾಕಿದ ಮೆತ್ತನ ಲೆನ್ಸ್ ತೊಳದ್ರೂ ಉರಿ ಬಿಡೂದಿಲ್ಲ, ಒಗದುಬಿಡ್ರಿ, ಲೆನ್ಸ್ ಹೋದ್ರ ಇನ್ನೊಂದು ಸಿಗ್ತೈತಿ.

ಲೆನ್ಸ್ ಕಾಣವಲ್ದು, ಕಣ್ಣಾಗ ಏನೋ ಚುಚ್ಚತೈತಿ ಅಂದ್ರ ಅದು ಮ್ಯಾಲಿನ ರೆಪ್ಪಿ ಅಡಿ ಸರದಿರ್ತೈತಿ. ಡ್ರಾಪ್ಸ್ ಹಾಕಿ, ಕೆಳಗ ನೋಡ್ಕೋತ ಮ್ಯಾಲಿನ ರೆಪ್ಪಿ ಎತ್ತಿ ಹಿಡದು, ರೆಪ್ಪಿ ಮ್ಯಾಲಿಂದನ ಹಗೂರ ಕೆಳಗ ನೂಕಿದ್ರ ಇಳದು ಬರ್ತೈತಿ. ಹರದು ತುಂಡು ಉಳದಿದ್ರ ಬಂದ ತುಂಡನ್ನ ಟವಲ್ ಮ್ಯಾಲೆ ಹರವಿ ಪೂರಾ ಗುಂಡಗ ಐತೋ ಇಲ್ಲೋ ನೋಡ್ರಿ, ಇಲ್ಲಂದ್ರ ನಮ್ಮಂತೋರ ಹತ್ರ ಬರ್ರಿ, ಹುಡುಕಿ ತಗೀತೀವಿ. 2017ರಾಗ ಇಂಗ್ಲೆಂಡ್‌ನ ಡಾಕ್ಟರು ಪತ್ರಿಕ್ಯಾಗ ಬರದಿದ್ರು, 67 ವರ್ಷದ ಹೆಣ್ಣಮಗಳಿಗೆ ಮೋತಿಬಿಂದು ಆಪರೇಷನ್ ಮಾಡಾಕ ಹೋದ್ರ ರೆಪ್ಪಿ ಅಡಿ ಮೊದಲ 17 ಲೆನ್ಸಿನ ಒಂದು ಗಂಟು ಸಿಕ್ತು, ಆಮ್ಯಾಲೆ ಇನ್ನೂ 10. ಒಟ್ಟು 27. ಆಕಿ ಕಣ್ಣು ಚುಚ್ಚೂದನ್ನ ವಯಸ್ಸಾತು, ಕಣ್ಣು ಒಣಗ್ಯಾವ ಅಂದ್ಕೊಂಡಿದ್ಲು.

ಕೆರಟೋಕೋನಸ್, ಅಂದ್ರ ಕಾರ್ನಿಯಾ ತೆಳ್ಳಗಾಗಿ ಚೂಪಾಗಿ ಮುಂದ ಬರೂ ರೋಗ, ಇದ್ದ ಹುಡುಗ್ರು ಗಟ್ಟಿ ಲೆನ್ಸ್ ಹಾಕ್ತಾರ, ಅವರ ರೀತಿ ಬ್ಯಾರೆ. ಕಣ್ಣು ಅಗಲ ತೆರದು, ಹೊರಗಿನ ಮೂಲಿ ಕಿವಿ ಕಡೆ ಎಳದು, ರೆಪ್ಪಿ ಬಡದ್ರ ಲೆನ್ಸ್ ಚಂಗನ ಅಂಗೈಗೆ ಬೀಳ್ತೈತಿ. ರಬ್ಬರಿನ ಸಕ್ಷನ್ ಕಪ್ ಬಳಸೋರು ಲೆನ್ಸ್ ಎಲ್ಲೈತಿ ಅಂತ ಕಣ್ಣಾರೆ ನೋಡೇ ಹಚ್ರಿ, ಬರೇ ಕಾರ್ನಿಯಾಕ್ಕ ಹಚ್ಚಿದ್ರ ಗಾಯ ಆಗ್ತೈತಿ. ಮೆತ್ತನ ಲೆನ್ಸ್‌ಗೆ ಆ ಸಾಮಾನು ಹಚ್ಚಬ್ಯಾಡ್ರಿ.

ತಗದ ಲೆನ್ಸನ್ನ ಅಂಗೈಯಾಗಿಟ್ಟು ಸೊಲ್ಯೂಷನ್ ಹಾಕಿ ಬಳ್ಳಿಲೆ ತಿಕ್ಕಬೇಕು, ತಿಕ್ಕೂದು ಬ್ಯಾಡ ಅಂತ ಬಾಟ್ಲಿ ಮ್ಯಾಲೆ ಇದ್ರೂ ತಿಕ್ರಿ. ಕೇಸಿನ್ಯಾಗಿನ ನಿನ್ನಿ ಸೊಲ್ಯೂಷನ್ ಚೆಲ್ಲಿ ಹೊಸಾದು ಹಾಕ್ರಿ, ಅರ್ಧಾ ಐತಲ್ಲ ಅಂತ ಅದರ ಮ್ಯಾಲೆನ ತುಂಬಬ್ಯಾಡ್ರಿ. 2006ರಾಗ ಅಮೆರಿಕಾ ಮತ್ತ ಬ್ಯಾರೆ ದೇಶದಾಗ ಫ್ಯುಸೇರಿಯಂ ಅನ್ನೂ ಫಂಗಸ್‌ನಿಂದ ಲೆನ್ಸ್ ಹಾಕೋರ ಕಣ್ಣು ಹುಣ್ಣಾಗಾಕ ಹತ್ತಿದಾಗ ಒಂದು ಸೊಲ್ಯೂಷನ್ ಮಾರ್ಕೆಟ್‌ನಿಂದ ವಾಪಸ್ ತಗೊಂಡ್ರು, ಹಳೇದ್ರ ಮ್ಯಾಲೆ ಹೊಸಾದು ತುಂಬೂ ರೂಢಿನೂ ಅದಕ್ಕ ಒಂದು ಕಾರಣ ಅಂತ ಸಿಕ್ತು. ಮುಂಜಾನೆ ಲೆನ್ಸ್ ಹಾಕ್ಕೊಂಡ ಮ್ಯಾಲೆ ಕೇಸ್ ಖಾಲಿ ಮಾಡಿ, ಸೊಲ್ಯೂಷನ್‌ಲೆ ತೊಳದು, ಒರಸಿ, ಬೋರಲ ಹಾಕಿ ಒಣಗಸ್ರಿ, ಬಚ್ಚಲದಾಗ ಇಡಬ್ಯಾಡ್ರಿ. ಮೂರು ತಿಂಗಳಿಗೊಮ್ಮೆ ಕೇಸ್ ಬದಲಿ ಮಾಡ್ರಿ.

ಇಷ್ಟೆಲ್ಲಾ ಗೊತ್ತಿದ್ದೂ ಒಂದು ರಾತ್ರಿ ನಿದ್ದಿ ಹತ್ತಿಬಿಟ್ರ? ಎದ್ದಕೂಡಲೆ ಕೈ ಹಾಕಬ್ಯಾಡ್ರಿ. ಕಣ್ಣು ಬಿಟ್ಟು ಕುಂದರ್ರಿ, ಡ್ರಾಪ್ಸ್ ಹಾಕ್ರಿ, ಲೆನ್ಸ್ ಅಲುಗಾಡಿದ ಮ್ಯಾಲೆ ತಗೀರಿ, ಅವತ್ತಿನ ದಿನ ಚಷ್ಮಾ. ಸಂಜಿತನಕ ಕಣ್ಣು ತಿಳಿಯಾಗಿದ್ರ ಸರಿ. ಲೆನ್ಸ್ ತಗದ ಮ್ಯಾಲೂ ನೋವು ಕಡಿಮಿ ಆಗವಲ್ದು, ಕೆಂಪ ಹೆಚ್ಚಾಗಾಕತ್ತೈತಿ, ಬೆಳಕು ನೋಡಾಕ ಆಗವಲ್ದು, ಮಂಜು ಮಂಜು ಕಾಣಸ್ತೈತಿ, ಪಿಚ್ಚು ಬರಾಕತ್ತೈತಿ, ಕರಿಗುಡ್ಡಿ ಮ್ಯಾಲೆ ಬಿಳಿ ಚುಕ್ಕಿ ಕಾಣಸ್ತೈತಿ, ಇದ್ರಾಗ ಒಂದಿದ್ರೂ ಅವತ್ತ ಕಣ್ಣಿನ ಡಾಕ್ಟರ ಹತ್ರ ಹೋಗ್ರಿ. ಲೆನ್ಸ್ ಹಾಕೋರಿಗೆ ಹೆಚ್ಚಾಗಿ ಹುಣ್ಣು ಮಾಡೂದು ಸ್ಯೂಡೊಮೊನಾಸ್ ಅನ್ನೂ ಬ್ಯಾಕ್ಟೀರಿಯಾ. ಕಾರ್ನಿಯಾ ದಪ್ಪ ನಡುವ ಅರ್ಧಾ ಮಿಲಿಮೀಟರ್‌ಕಿಂತ ಚೂರು ಹೆಚ್ಚು, ಈ ರೋಗಾಣು ಅದನ್ನ ಒಂದೆರಡು ದಿನದಾಗ ಕರಗಿಸಿಬಿಡಬಲ್ದು. ನಾಳೆ ಅಮಾಸಿ, ನಾಡದ ನೋಡೂಣು ಅನ್ನಾಕ ಅಲ್ಲಿ ಹೊತ್ತಿಲ್ಲ. ವಾಸಿ ಆದ್ರೂ ನಡುವ ಹೂವು ಬಿದ್ರ ಆ ಕಣ್ಣಿಗೆ ಚಷ್ಮಾನೂ ನಡಿಯೂದಿಲ್ಲ.

ಮತ್ತ ಒಂದು ಮಾತು ಕೈ ಮುಗದು ಕೇಳ್ಕೋತೀನಿ. ಲೆನ್ಸ್ ಹಾಕೋರ ಕಣ್ಣು ಕೆಂಪಾದ್ರ "ಕಣ್ಣ ಬಂದಾವ ಬಿಡು, ನಾಕ ದಿನಕ್ಕ ಹೋಗ್ತೈತಿ" ಅನಬ್ಯಾಡ್ರಿ. ಔಡಲೆಣ್ಣಿ ಬಿಡಬ್ಯಾಡ್ರಿ, ಜೇನು ಹಚ್ಚಬ್ಯಾಡ್ರಿ, ಎದಿಹಾಲು ಹಾಕಸಬ್ಯಾಡ್ರಿ, ಅಜ್ಜಿ ಪ್ರೀತಿಲೆ ಹೇಳ್ತಾಳ ಖರೇ, ಆದ್ರ ಅಕಿ ಕಾಲಕ್ಕ ಲೆನ್ಸ್ ಇರಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ ಕೆಂಪ ಹೋಗಾಕ ಡ್ರಾಪ್ಸ್ ಕೊಡ್ರಿ ಅಂತ ಕೇಳಿದ್ರ ಸ್ಟೆರಾಯ್ಡ್ ಇದ್ದದ್ದು ಕೈಗೆ ಬರೂ ಸಾಧ್ಯತೆ ಐತಿ, ಹಾಕಿದ ದಿನ ಕೆಂಪ ಇಳದು ಆರಾಮ ಅನಸ್ತೈತಿ, ಒಳಗ ಫಂಗಸ್ ಇದ್ರ ಅದಕ್ಕ ಹಬ್ಬ. ನಮ್ಮದು ಹೊಲಾ ಮನಿ ಇರೂ ನಾಡು, ಫಂಗಸ್ ಹುಣ್ಣು ಇಲ್ಲಿ ಅಪರೂಪ ಅಲ್ಲ. ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟೂದೂ ಬ್ಯಾಡ, ಮುಚ್ಚಿದ ಬಿಸಿ ಕಣ್ಣಾಗನ ರೋಗಾಣು ಬೆಳಿಯೂದು.

ದವಾಖಾನಿಗೆ ಬರೂವಾಗ, ಹುಬ್ಬಳ್ಳಿ ಕಿಮ್ಸ್ ಆಗ್ಲಿ ಗದಗ ಜಿಮ್ಸ್ ಆಗ್ಲಿ ನಿಮ್ಮೂರ ಕಣ್ಣಿನ ಡಾಕ್ಟರ ಆಗ್ಲಿ, ತಗದ ಲೆನ್ಸ್, ಅದರ ಕೇಸ್, ಸೊಲ್ಯೂಷನ್ ಬಾಟ್ಲಿ ಮೂರೂ ಒಂದು ಚೀಲದಾಗ ಹಾಕ್ಕೊಂಡ ಬರ್ರಿ. ಹೊಲಸಾಗೈತಿ, ಡಾಕ್ಟರು ಏನಂತಾರ ಅಂತ ತೊಳಕೊಂಡ ಬರಬ್ಯಾಡ್ರಿ, ಇದ್ದಂಗ ತರ್ರಿ. ಕಣ್ಣಿಂದ ಕೆರದು ತಗದದ್ರಾಗ ರೋಗಾಣು ಬೆಳೀದಿದ್ರೂ ಕೇಸಿನ್ಯಾಗಿನ ಆ ನೀರಾಗ ಬೆಳದು ಯಾವ ಔಷಧ ಹಾಕಬೇಕು ಅಂತ ಲ್ಯಾಬಿನೋರಿಗೆ ಸುಳಿವು ಸಿಗಬಹುದು.